ಇದ್ಯಾರ್ದು ಕಣ್ರೀ?

ಅರಸೀಕೆರೆ ರೈಲು ನಿಲ್ದಾಣದ ಆ ಪೇದೆ ಬೆಂಚುಗಳ ಕೆಳಗೆ ಬಗ್ಗಿ, ಪ್ರತಿ ಚೀಲಕ್ಕೂ "ಇದ್ಯಾರ್ದು ಕಣ್ರೀ?" ಎನ್ನುತ್ತಿದ್ದರು.

"ನಮ್ ಕೊಬ್ರಿ ಸಿಡಿಯಾಕಿಲ್ಲ ಬಿಡಿ ಸ್ವಾಮಿ" ಎಂದು ಹಳ್ಳಿಯವರು ನಗುತ್ತಿದ್ದರು. ಅವರೂ ನಗುತ್ತಿದ್ದರು.

ಒಂದು ಬೆಳಿಗ್ಗೆ ಒಂದು ಚೀಲ ತನ್ನದೆಂದು ಯಾರೂ ಹೇಳಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದ ಅವರು, ಗೇಟಿನ ಬಳಿ ಹೂ ಮಾರುವ ನನ್ನ ಕೈಗೆ ತಮ್ಮ ಮೊಬೈಲ್ ಕೊಟ್ಟರು.

"ಬಾಂಬಿದ್ರೆ ಇದು ಹತ್ರ ಇರಬಾರ್ದು ಕಣಮ್ಮ. ಮನೆಯೋರು ಫೋನ್ ಮಾಡಿದ್ರೆ, ಡ್ಯೂಟೀಲವ್ರೆ ಅನ್ನು."

ಹಾಸನದಿಂದ ಶ್ವಾನದಳ ಬರುವವರೆಗೂ, ಯಾರೂ ಒಳನುಗ್ಗದಂತೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರೇ ಕಾವಲು ನಿಂತರು.

ಚೀಲದಲ್ಲಿದ್ದದ್ದು ಹಳೆಯ ಬಟ್ಟೆ.

ಮೊಬೈಲ್ ವಾಪಸು ಪಡೆಯುತ್ತಾ, "ಫೋನ್ ಬಂದಿತ್ತಾ?" ಎಂದರು.

"ಊಟಕ್ಕೆ ಬರ್ತಾರಾ ಅಂತ ಕೇಳಿದ್ರು."

"ನೀನೇನಂದೆ?"

"ಬರ್ತಾರೆ ಅಂದೆ."

ಅವರು ಮೊಬೈಲ್ ಜೇಬಿಗಿಟ್ಟು, ಪಕ್ಕದ ಬೆಂಚಿನ ಕೆಳಗೆ ಬಗ್ಗಿದರು.