ಹನ್ನೊಂದು ಬಾಗಿಲಿನ ಪಾವ್

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಚಂದವ್ವ ತನ್ನ ಒಂದು ಕೋಣೆಯ ಖೋಲಿಯ ಹೊಸ್ತಿಲ ಮೇಲೆ ಕೂತು, ಎಡಗೈಯಲ್ಲಿ ಮಗಳ ಸೊಂಟ ಬಿಗಿಹಿಡಿದು, ಬಲಗೈಯಲ್ಲಿ ನಾಲ್ಕನೆಯ ಸಲ ಅದೇ ತುತ್ತನ್ನು ಕಟ್ಟುತ್ತಿದ್ದಳು. ಜೋಳದ ರೊಟ್ಟಿ ನುರಿದು, ಹೆಸರುಬೇಳೆಯಲ್ಲಿ ಕಲಸಿ, ಒಂದು ಚಮಚ ತುಪ್ಪ ಹಾಕಿದ ತುತ್ತು. ಎರಡು ವರ್ಷ ನಾಲ್ಕು ತಿಂಗಳಿನ ನೀಲಾ ತುಟಿಗಳನ್ನು ಒಳಗೆಳೆದುಕೊಂಡು ಕೂತಿತ್ತು.

"ಬಾಯಿ ತಗೀತೀಯೋ, ಇಲ್ಲ ನಾನ ತಗೀಲೋ?"

ಪಕ್ಕದ ಖೋಲಿಯ ಜಯಶ್ರೀ ನೀರಿನ ಕೊಡ ಇಳಿಸುತ್ತ ನಕ್ಕಳು. "ಚಂದವ್ವಾ, ಕೂಸಿಗಿ ಉಣಸಾಕತ್ತೀಯೋ, ಕುಸ್ತಿ ಹಿಡದೀಯೋ?"

"ನಗು. ನಿಂದೇನ ಹೋಗತೈತಿ?"

ಹೋಗುವುದು ಚಂದವ್ವನದೇ. ಹಿಂದಿನ ಬುಧವಾರ ಅಂಗನವಾಡಿಯಲ್ಲಿ ನೀಲಾ ತೂಗಿದ್ದು ಒಂಬತ್ತು ಕಿಲೋ ಇನ್ನೂರು ಗ್ರಾಂ. ಮೂರು ತಿಂಗಳಿಂದ ಅಷ್ಟೇ. ಟೀಚರ್ ಸುಮಲತಾ ಪೆನ್ಸಿಲಿನ ಚುಕ್ಕೆಯನ್ನು ತೂಕದ ನಕ್ಷೆಯಲ್ಲಿ ಮತ್ತೆ ಹಳದಿ ಪಟ್ಟಿಯಲ್ಲೇ, ಅಂದರೆ ಕಡಿಮೆ ತೂಕದವರ ಸಾಲಿನಲ್ಲೇ, ಇಟ್ಟಿದ್ದಳು. ಅಂದು ಸಂಜೆ ಗಂಡ ಗುರುಲಿಂಗ ತಲೆ ಎತ್ತದೆ ಹೇಳಿದ್ದ: "ಬರೂ ತಿಂಗಳ ತೂಕ ಏರಲಿಲ್ಲಂದ್ರ ಕೂಸಿನ್ನ ಊರಾಗ ಅವ್ವನ ಕಡೆ ಬಿಟ್ಟ ಬರೂಣು." ದುಡಿಯಲು ಹೊರರಾಜ್ಯಕ್ಕೆ ಬಂದ ಅವರಿಗೆ ಊರು ದೂರ, ವಿಜಯಪುರದಾಚೆ. ವರ್ಷಕ್ಕೆ ಎರಡು ಸಲ ಮಾತ್ರ ಹೋಗಲಾಗುವಂಥದ್ದು.

ನೀಲಾ ತುತ್ತನ್ನು ಉಗಿಯಿತು. ಅದು ಚಂದವ್ವನ ಡ್ಯೂಟಿ ಸೀರೆಯ ಮೇಲೆ ಬಿತ್ತು. ಅವಳ ಕೈ ಮೇಲೆದ್ದಿತು, ಆದರೆ ಇಳಿದದ್ದು ತಾಟಿನ ಮೇಲೆ. ಸೀರೆ ತೊಳೆದುಕೊಂಡು, ಹುಡುಗಿಯನ್ನು ಕೊನೆಯ ಖೋಲಿಯ ಭೂರಿಬಾಯಿಗೆ ಒಪ್ಪಿಸಿ, ರಸ್ತೆಗೆ ಓಡುವಷ್ಟರಲ್ಲಿ ಕಾರ್ಖಾನೆಯ ಬಸ್ಸು ಹೋಗಿಬಿಟ್ಟಿತ್ತು.

ಅವಳು ಬೈಯುತ್ತ ಹಿಂದಿರುಗಿದಾಗ ಆರು ನಲವತ್ತೆರಡು. ಖೋಲಿಗಳ ಸಾಲಿನ ಮೂಲೆಯಲ್ಲಿ, ನೀರಿನ ಟಾಕಿಯ ಪಕ್ಕ, ಅವಳ ಕಾಲುಗಳು ತಾವಾಗಿ ನಿಂತವು. ಐದು ನಿಮಿಷ ಕೂಡ ಭೂರಿಬಾಯಿಯ ಮಡಿಲಲ್ಲಿರದ ನೀಲಾ, ಜಯಶ್ರೀಯ ಬಾಗಿಲಲ್ಲಿ ಅಂಗೈ ಚಾಚಿ ನಿಂತಿತ್ತು. ಜಯಶ್ರೀ ಚಹಾದಲ್ಲಿ ಪಾವಿನ ತುಂಡನ್ನು ಅದ್ದಿ ಆ ಅಂಗೈಯಲ್ಲಿಟ್ಟಳು. ಹುಡುಗಿ ಬಾಯಿಗೆ ಹಾಕಿಕೊಂಡು, ಕೆಲಸಕ್ಕೆ ಹೊರಟವಳಂತೆ ಮುಂದಿನ ಬಾಗಿಲಿಗೆ ನಡೆಯಿತು.

ಮಡ್ಕಯಿಯ ಕಾರ್ಖಾನೆಯಲ್ಲಿ ಚಂದವ್ವನ ಕೆಲಸ ಮಸಾಲೆ ಪೊಟ್ಟಣ ತೂಗುವುದು. ಐವತ್ತಕ್ಕೊಂದು ಎತ್ತಿ ತಕ್ಕಡಿಗಿಡಬೇಕು; ತೂಕ ತಪ್ಪಿದರೆ ಇಡೀ ಪೆಟ್ಟಿಗೆ ಪಕ್ಕಕ್ಕೆ. ಏಳು ವರ್ಷದಲ್ಲಿ ಆ ಅಭ್ಯಾಸ ಅವಳ ಸಿಟ್ಟಿನೊಳಕ್ಕೂ ಇಳಿದಿತ್ತು. ಅವಳು ಬುತ್ತಿಯ ಡಬ್ಬಿಯ ರೊಟ್ಟಿಯನ್ನು ಚೀಲಕ್ಕೆ ಸುರಿದು, ಖಾಲಿ ಡಬ್ಬಿ ಹಿಡಿದು ಮಗಳ ಹಿಂದೆ ಹೊರಟಳು. ಜಯಶ್ರೀಯ ಕೈಯಿಂದ ಅಷ್ಟೇ ದೊಡ್ಡ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡಳು. ಆಮೇಲೆ ಪ್ರತಿ ಬಾಗಿಲಲ್ಲೂ ನೀಲಾಳ ಕೈಗೆ ಬಿದ್ದದ್ದನ್ನು ಕಸಿದು ಡಬ್ಬಿಗೆ ಹಾಕಿದಳು. ಎರಡು ಬಿಸ್ಕೀಟು, ಅರ್ಧ ಟೋಸ್ಟು, ಮತ್ತೆ ಪಾವು, ಸಕ್ಕರೆ ಹಚ್ಚಿದ ಪಾವು. ನೀಲಾ ಸಾಲು ತುಂಬ ಕಿರಿಚುತ್ತ ಬಂತು. ಯಾರೂ ತಪ್ಪು ಮಾಡಿದವರಂತೆ ಕಾಣಲಿಲ್ಲ. ಬಾಗಿಲಿಗೆ ಬಂದ ಕೂಸನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಸಾಲಿನಲ್ಲಿರಲಿಲ್ಲ.

ಹನ್ನೊಂದನೆಯ ಬಾಗಿಲು ಮುಗಿದ ಮೇಲೆ ಅವಳು ಗೂಡುಸಾಬನ ಅಂಗಡಿಯ ತಕ್ಕಡಿಯ ಮೇಲೆ ಡಬ್ಬಿ ಕುಕ್ಕಿದಳು.

"ಡಬ್ಬಿ ತೂಕ ಕಳೀರಿ."

"ಎರಡ್ನೂರಾ ನಲವತ್ತು ಗ್ರಾಂ," ಎಂದ ಗೂಡುಸಾಬ. "ಮಾರಾಕ ತಂದೀಯೇನ ಯವ್ವಾ?"

ಆ ವಯಸ್ಸಿನ ಮಗುವಿನ ಹೊಟ್ಟೆಗೆ ಅದು ಒಂದು ಪೂರ್ತಿ ಊಟದ ಜಾಗ. ಚಂದವ್ವ ಸಾಲಿನ ನಡುವೆ ನಿಂತು ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು.

"ನೋಡ್ರಿ! ಇದು ನನ್ನ ಮಗಳ ಊಟ! ನಾ ತುಪ್ಪ, ತತ್ತಿ ಅಂತ ಸಾಯಾಕತ್ತೇನಿ, ನೀವು ಹನ್ನೊಂದ ಬಾಗಲದಾಗ ಹೊಟ್ಟಿಗಿ ಹಿಟ್ಟ ತುಂಬಿ ಕಳಸಾಕತ್ತೀರಿ. ಕೂಸು ಊರಿಗಿ ಹೋದ್ರ ಯಾರ ಅಳಬೇಕು? ನೀವೇನ?"

ಭೂರಿಬಾಯಿ ಎಲೆಅಡಿಕೆ ಉಗಿದು ಎದ್ದಳು.

"ಹನ್ನೊಂದು ಎಣಿಸಿದಿ, ಚಲೋ ಆತು. ನಿನ್ನ ಬಾಗಲಾ ಯಾರ ಎಣಿಸಬೇಕು? ಮುಂಜಾನೆ ಪಾವಿನವನ ಸೈಕಲ್ ಪೋಂ ಅಂದ ಕೂಡಲೇ ಬಿಸಿ ಪಾವು ತಗೊಂಡು, ಚಹಾದಾಗ ಅದ್ದಿ, ಕೂಸಿನ ಕೈಯಾಗ ಕೊಟ್ಟು ಕುಂದ್ರಸಾಕಿ ಯಾರ?"

"ಅಡಿಗಿ ಆಗೂ ತನಕ ಸುಮ್ನ ಕುಂದ್ರಲಿ ಅಂತ, ಆಯಿ..."

"ನಾವೂ ಅದಕ್ಕ ಕೊಡೂದು."

ಚಂದವ್ವ ಡಬ್ಬಿ ಮುಚ್ಚಿ ಒಳಗೆ ಹೋದಳು. ಇಡೀ ಮಧ್ಯಾಹ್ನ ಪಾತ್ರೆ ಎತ್ತೆತ್ತಿ ಇಟ್ಟಳು. ಭೂರಿಬಾಯಿಯ ಮೇಲಿನ ಸಿಟ್ಟು ಎಷ್ಟು, ತನ್ನ ಮೇಲಿನದೆಷ್ಟು ಎಂದು ಅವಳಿಗೇ ಬೇರ್ಪಡಿಸಲಾಗಲಿಲ್ಲ.

ಮರುದಿನ ಬಸ್ಸು ಹತ್ತುವ ಮೊದಲು ಅವಳು ಹನ್ನೊಂದು ಬಾಗಿಲಿಗೂ ಒಂದೊಂದು ಸಣ್ಣ ಬಟ್ಟಲು ಇಟ್ಟಳು. ಒಂದರಲ್ಲಿ ಬೇಯಿಸಿದ ತತ್ತಿಯ ಕಾಲುಭಾಗ, ಇನ್ನೊಂದರಲ್ಲಿ ನುಣ್ಣಗೆ ಕುಟ್ಟಿದ ಶೇಂಗಾ ಉಂಡಿಯ ಚೂರು, ಮತ್ತೊಂದರಲ್ಲಿ ಬಾಳೆಹಣ್ಣು, ಉಳಿದವುಗಳಲ್ಲಿ ಬೇಳೆಯಲ್ಲಿ ಕಲಸಿದ ರೊಟ್ಟಿಯ ಪುಟ್ಟ ತುತ್ತುಗಳು. "ಬಾಗಲಕ ಬಂದ್ರ ಇದನ್ನ ಕೊಡ್ರಿ. ಚಹಾ ಕೊಟ್ರ ಮತ್ತ ಡಬ್ಬಿ ಹಿಡಕೊಂಡ ಬರತೇನಿ," ಎಂದಳು. ಕೇಳಿಕೊಳ್ಳುವ ದನಿ ಅದಾಗಿರಲಿಲ್ಲ. ತನ್ನ ಮನೆಗೂ ಪಾವು ಕೊಳ್ಳುವುದನ್ನು ನಿಲ್ಲಿಸಿದಳು. ನೀಲಾ ಮೂರು ಬೆಳಗು ಸೈಕಲ್ಲಿನ ಸದ್ದಿಗೆ ಅತ್ತು, ನಾಲ್ಕನೆಯ ದಿನ ಬಿಟ್ಟಿತು.

ಸಂಜೆ ಬಟ್ಟಲುಗಳು ಖಾಲಿಯಾಗಿ ಬರತೊಡಗಿದವು. ಅದಕ್ಕೂ ಚಂದವ್ವನಿಗೆ ಸಿಟ್ಟೇ. "ಅದ ರೊಟ್ಟಿ, ಅದ ಬ್ಯಾಳಿ. ನನ್ನ ಕೈಲೆ ಯಾಕ ಉಗಳತೀ, ಕಳ್ಳಿ?" ಎಂದು ಮಗಳ ಕೆನ್ನೆ ಚಿವುಟಿ, ಚಿವುಟಿದ ಜಾಗವನ್ನು ಉಜ್ಜಿದಳು.

ಮುಂದಿನ ತಿಂಗಳ ತೂಕದ ದಿನ ಸಾಲಿನ ಹೆಂಗಸರೆಲ್ಲ ಅಂಗನವಾಡಿಯಲ್ಲಿದ್ದರು. ಗುರುಲಿಂಗ ಬಾಗಿಲ ಹೊರಗೆ ನಿಂತಿದ್ದ. ಮುಳ್ಳು ಒಂಬತ್ತೂವರೆ ಕಿಲೋದಲ್ಲಿ ನಿಂತಿತು. ಸುಮಲತಾ ಎರಡು ಸಲ ನೋಡಿ ಚುಕ್ಕೆ ಇಟ್ಟಳು. ಹಳದಿಯಲ್ಲೇ, ಆದರೆ ಮೇಲೆ. ಗುರುಲಿಂಗ ಊರಿನ ಮಾತೆತ್ತದೆ ಮಗಳ ಚಪ್ಪಲಿಯನ್ನು ಕೈಗೆತ್ತಿಕೊಂಡ.

"ಉಳಿದ ತಾಯಂದಿರಿಗೂ ಹೇಳಬೇಕು," ಎಂದಳು ಟೀಚರ್. "ಒಟ್ಟು ಎಷ್ಟು ಮನೆಯಲ್ಲಿ ಪಾವು, ಚಹಾ ಕೊಡುತ್ತಿದ್ದರು?"

ಭೂರಿಬಾಯಿ ಸೆರಗಿನ ಅಂಚು ಬಾಯಿಗಿಟ್ಟುಕೊಂಡು ಚಂದವ್ವನನ್ನೇ ನೋಡಿದಳು. ಚಂದವ್ವ ಆಕೆಯ ಕಡೆ ಒಮ್ಮೆ ದುರುಗುಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಹನ್ನೆರಡ್ರಿ."