ಮೊದಲು ಜನರನ್ನು ಕೂರಿಸುವ ಆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಮೆಟ್ಟಿಲ ಕೆಳಗಿನ ಇಕ್ಕಟ್ಟಿನ ಜಾಗದಲ್ಲಿ ಆಯಮ್ಮ ಚಾಪೆ ಹಾಸಿ ಕುಳಿತಿದ್ದಾರೆ. ಮುಂದೆ ಕೆಲವು ಸ್ಟೀಲ್ ಲೋಟ, ಒಂದು ಡಬ್ಬಿ ತುಂಬ ಬಾಟಲಿ ಮುಚ್ಚಳ. ಸುತ್ತ ಐದಾರು ಮಕ್ಕಳು, ಎಲ್ಲರ ಕಣ್ಣಲ್ಲೂ ನಿದ್ದೆ. ಬೆಳಗಿನ ಪಾಳಿಗೆ ಓಡುವ ತಂದೆತಾಯಿಗಳು ಗೇಟು ತೆರೆಯುವುದನ್ನೇ ಕಾದಿದ್ದು ಇವರನ್ನು ಇಲ್ಲಿ ಬಿಟ್ಟು ಹೋಗುತ್ತಾರೆ.

"ಇಪ್ಪತ್ನಾಲ್ಕು ಪೆನ್ಸಿಲ್ ಇವೆ. ಆರು ಮಕ್ಕಳಿಗೆ ಸಮನಾಗಿ ಹಂಚಬೇಕು. ಒಬ್ಬರಿಗೆ ಎಷ್ಟು?" ಆಯಮ್ಮ ಓದಿ ಮುಗಿಸುವಷ್ಟರಲ್ಲಿ ಚಿಕ್ಕು, "ಹನ್ನೆರಡು" ಎನ್ನುತ್ತಾಳೆ.

ಆಯಮ್ಮ ಒಂದು ಕ್ಷಣ ಕಣ್ಣು ಮುಚ್ಚಿ, ತೆರೆಯುತ್ತಾರೆ. "ಜನರನ್ನ ಕೂರಿಸಿದ್ಯಾ ತಾಯಿ?"

ಹುಡುಗಿ ಇಲ್ಲವೆಂದು ತಲೆಯಾಡಿಸುತ್ತಾಳೆ.

"ಮತ್ತೆ? ನೆಂಟರು ಬರೋಕ್ ಮುಂಚೇನೇ ಬಡಿಸಿಬಿಟ್ಯಲ್ಲೇ."

ಮಕ್ಕಳು ನಗುತ್ತಾರೆ. ಚಿಕ್ಕು ಆರು ಲೋಟಗಳನ್ನು ಸಾಲಾಗಿ ಇಟ್ಟು, ಒಂದೊಂದರೊಳಗೂ ಒಂದೊಂದೇ ಮುಚ್ಚಳ ಹಾಕುತ್ತ ಹೋಗುತ್ತಾಳೆ. ಈ ಬಾರಿ ಉತ್ತರ ಸರಿಯಾಗಿದೆ. ಆದರೆ ಆಯಮ್ಮನ ಮುಖದಲ್ಲಿ ನೆಮ್ಮದಿ ಇಲ್ಲ. ಹತ್ತು ಗಂಟೆಗೆ ಇವಳಿಗೆ ಮರುಪರೀಕ್ಷೆ. ಭಾಗಾಕಾರದ ಈ ಹೇಳಿಕೆ ಲೆಕ್ಕಗಳಲ್ಲಿ ಮತ್ತೆ ಎಡವಿದರೆ ನಾಲ್ಕನೇ ತರಗತಿಯಲ್ಲೇ ಉಳಿಯುತ್ತಾಳೆ. ಅವಳಿಯಾಗಿ ಹುಟ್ಟಿದ ಅಕ್ಕ, ದೊಡ್ಡು, ಆಗಲೇ ಪಾಸಾಗಿದ್ದಾಳೆ. ತಂಗಿಗೆ ಉತ್ತರ ಪಿಸುಗುಟ್ಟುತ್ತಾಳೆಂದು ಅವಳನ್ನು ಗೋಡೆಯ ಆಚೆ ಕೂರಿಸಲಾಗಿದೆ. ಅಲ್ಲಿಂದಲೇ ಕೆಮ್ಮಿ ಸನ್ನೆ ಮಾಡುತ್ತಾಳೆ.

ಆಯಮ್ಮ ಓದಿದ್ದು ಏಳನೆಯವರೆಗೆ. ಈ ಶಾಲೆಗೆ ಕಸ ಗುಡಿಸಲು ಬಂದವರು. ನಸುಕಿನಲ್ಲೇ ಬರುವ ಮಕ್ಕಳು ಸುಮ್ಮನೆ ಕೂರುವುದನ್ನು ನೋಡಿ ನಾಲ್ಕನೇ ತರಗತಿಯ ಟೀಚರ್ ಇವರಿಗೆ ಲೋಟ, ಮುಚ್ಚಳಗಳ ಪಾಠ ಹೇಳಿಕೊಟ್ಟರು. ತಮಗೇ ಅದು ಹತ್ತಲು ಒಂದು ತಿಂಗಳು ಹಿಡಿಯಿತು ಎಂದು ಆಯಮ್ಮ ಹೇಳುತ್ತಾರೆ. ಇವರ ಯಜಮಾನರು ಇದೇ ಶಾಲೆಯ ಕಾವಲುಗಾರರಾಗಿದ್ದು, ಹೋದ ವರ್ಷ ತೀರಿಕೊಂಡರು. ಈಗ ಗೇಟಿನ ಬೀಗದ ಕೈಯೂ ಇವರ ಸೊಂಟದಲ್ಲಿದೆ. ಹೋದವರ ಪಾಲಿನ ಕೆಲಸ ಉಳಿದವರ ಮೇಲೆ ಬೀಳುತ್ತದೆ. ಅದನ್ನು ಮಾಡುತ್ತಿದ್ದರೆ ಹಗಲು ಹೇಗೋ ಕಳೆಯುತ್ತದೆ ಎಂಬುದನ್ನು ದುಃಖ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ದೇವರು ನಡೆಸಿದಂತೆ ಇವರ ಹಗಲುಗಳೂ ನಡೆಯುತ್ತಿವೆ.

ಲೆಕ್ಕ ಹೇಳಿಕೊಡುವುದು ಹಿತವಾದ ಕೆಲಸವೇ ಎಂದರೆ ಅವರು ಒಪ್ಪುವುದಿಲ್ಲ. "ಕಸ ಗುಡಿಸಿದ್ರೆ ಸಂಜೆ ತನಕ ಆದ್ರೂ ಹೋಗಿರುತ್ತೆ. ಇವರ ತಲೇಲಿರೋ ತಪ್ಪು ಮಧ್ಯಾಹ್ನಕ್ಕೇ ವಾಪಸ್ ಬಂದು ಕೂತಿರುತ್ತೆ."

ಚಿಕ್ಕುವಿನ ತಪ್ಪು ಏನೆಂದು ಹಿಡಿಯಲು ಅವರಿಗೆ ಬಹಳ ದಿನ ಬೇಕಾಯಿತು. ಯಾವ ಲೆಕ್ಕ ಕೊಟ್ಟರೂ ಎರಡರಿಂದಲೇ ಭಾಗಿಸಿಬಿಡುತ್ತಿದ್ದಳು. ಮಗ್ಗಿ ಬರುತ್ತಿತ್ತು, ಓದಲು ಬರುತ್ತಿತ್ತು, ಗದರಿದರೆ ಅಳುವುದೂ ಬರುತ್ತಿತ್ತು. ಒಂದು ದಿನ ದೊಡ್ಡು ಜ್ವರದಿಂದ ಮನೆಯಲ್ಲೇ ಉಳಿದಳು. ಆಯಮ್ಮ ಚಿಕ್ಕುವಿನ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಎಲ್ಲರಿಗೂ ಸಮನಾಗಿ ಹಂಚು ಎಂದರು. ಎದುರಿಗೆ ಮಕ್ಕಳು ಕೈಚಾಚಿ ಕೂತಿದ್ದಾರೆ, ಇವಳು ನೆಲದ ಮೇಲೆ ಎರಡೇ ಗುಡ್ಡೆ ಮಾಡಿದಳು. ಒಂದನ್ನು ಲಂಗದ ಜೇಬಿಗೆ ತುಂಬಿಕೊಂಡು, "ಇದು ದೊಡ್ಡೂದು" ಎಂದಳು. ಮಕ್ಕಳು ಜಿಪುಣಿ ಎಂದು ಛೇಡಿಸಿದರು. ಆಯಮ್ಮ ಮಾತ್ರ ಬೈಯಲಿಲ್ಲ.

"ಮನೇಲಿ ರಬ್ಬರ್ ಬಂದ್ರೆ ಬ್ಲೇಡಲ್ಲಿ ಎರಡು ಮಾಡ್ತಾರೆ. ಇಬ್ಬರಿಗೂ ಹೊದಿಕೆ ಒಂದೇ, ಬಾಚಣಿಗೆ ಒಂದೇ. ಹಂಚೋದು ಅಂದ್ರೆ ಎರಡು ಮಾಡೋದು ಅಂತಾನೇ ಇವಳಿಗೆ ಗೊತ್ತಿರೋದು. ಅದನ್ನ ತಪ್ಪು ಅಂತ ಹೇಗೆ ಹೇಳ್ಲಿ?"

ಹೇಳಲೂ ಇಲ್ಲ. ಅಂದಿನಿಂದ ಚಿಕ್ಕು ಮುಚ್ಚಳ ಮುಟ್ಟುವ ಮೊದಲು ಲೆಕ್ಕದಲ್ಲಿರುವ ಜನರನ್ನೆಲ್ಲ ಕೂರಿಸಬೇಕು, ಒಬ್ಬೊಬ್ಬರಿಗೂ ಒಂದು ಲೋಟ. ಕೆಲವು ದಿನ ಕೂರಿಸುತ್ತಾಳೆ, ಕೆಲವು ದಿನ ಮರೆಯುತ್ತಾಳೆ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಅವಳಮ್ಮ ದಿನವೂ ಗೇಟಿನ ಬಳಿ ಅದೇ ಮಾತು ಕೇಳುತ್ತಾಳೆ. ಇಂದೂ ಕೇಳಿದಳು. "ಇವಳು ಹಿಂದೆ ಉಳಿದ್ರೆ ತಾನೂ ಮುಂದೆ ಹೋಗಲ್ಲ ಅಂತ ದೊಡ್ಡು ಕೂತಿದ್ದಾಳೆ ಆಯಮ್ಮ. ನಾನು ಯಾರನ್ನ ಸಮಾಧಾನ ಮಾಡ್ಲಿ?"

ಹತ್ತು ಗಂಟೆ. ಪರೀಕ್ಷೆಗೆ ಲೋಟ ಒಯ್ಯುವಂತಿಲ್ಲ. ಆಯಮ್ಮ ಕೊಠಡಿಯ ಹೊರಗೆ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾರೆ. ದೊಡ್ಡು ಕಂಬಕ್ಕೆ ಒರಗಿ ಉಗುರು ಕಚ್ಚುತ್ತಾಳೆ.

ಕೊನೆಗೆ ಟೀಚರ್ ಹಾಳೆ ಹಿಡಿದು ಹೊರಗೆ ಬರುತ್ತಾರೆ.

"ಬಂದವಳೇ ಹಾಳೆ ತುಂಬ ಸೊನ್ನೆ ಬರೆದ್ಲು ಆಯಮ್ಮ. ಕೆಟ್ಟಿತು ಅಂದ್ಕೊಂಡೆ. ಏನೇ ಇದು ಅಂದ್ರೆ, ಜನರನ್ನ ಕೂರಿಸ್ತಿದ್ದೀನಿ, ತಡೀರಿ ಟೀಚರ್ ಅಂದ್ಲು."

ಒಂದು ಲೆಕ್ಕ ತಪ್ಪಿದೆ, ಉಳಿದವು ಸರಿ. ಚಿಕ್ಕು ಐದನೇ ತರಗತಿಗೆ ಹೋಗುತ್ತಾಳೆ. ದೊಡ್ಡು ತಂಗಿಯ ಜಡೆ ಹಿಡಿದು ಎಳೆಯುತ್ತಾಳೆ, ಇಬ್ಬರೂ ಜಗಳಾಡುತ್ತಲೇ ಅಂಗಳಕ್ಕೆ ಓಡುತ್ತಾರೆ. ಆಯಮ್ಮನ ಕಡೆ ತಿರುಗಿ ನೋಡುವಷ್ಟು ವ್ಯವಧಾನ ಯಾರಿಗೂ ಇಲ್ಲ.

ಆಯಮ್ಮ ಮೆಟ್ಟಿಲ ಮೇಲೆ ನಿಧಾನವಾಗಿ ಕೂರುತ್ತಾರೆ, ಮಂಡಿ ನೀವಿಕೊಳ್ಳುತ್ತಾರೆ. ಬೇಸರವೇ ಎಂದು ಕೇಳಿದರೆ ಅಂಗಳದ ಕಡೆ ನೋಡುತ್ತಲೇ ಉತ್ತರಿಸುತ್ತಾರೆ.

"ಎಲ್ಲರನ್ನೂ ಮುಂದೆ ಕಳಿಸ್ತಾನೆ ದೇವರು. ನನ್ನೊಬ್ಬಳನ್ನ ಮಾತ್ರ ವರ್ಷಾ ವರ್ಷಾ ನಾಲ್ಕನೇ ಕ್ಲಾಸಲ್ಲೇ ಕೂರಿಸ್ತಾನೆ. ಕೂರಿಸ್ಲಿ ಬಿಡಿ."