ಎಡಗಡೆಯಿಂದ ಹುಟ್ಟುವ ಗಾಡಿಗಳು

ನನ್ನ ತಮ್ಮ ಶಾಲೆಯ ವ್ಯಾನ್ ಓಡಿಸುವವನು. ಮಕ್ಕಳ ಬಾಯಲ್ಲಿ ಅವನು ‘ಮೆಲ್ಲಗೆ ಮಾಮ’. ಹತ್ತುವಾಗ ಮೆಲ್ಲಗೆ, ಇಳಿಯುವಾಗ ಮೆಲ್ಲಗೆ, ಅವನ ವ್ಯಾನಿನಲ್ಲಿ ಸೀನುವುದಿದ್ದರೂ ಮೆಲ್ಲಗೆ. ಇಂಥವನಿಗೆ ಕಾರು ಓಡಿಸುವ ವಿಡಿಯೊ ಗೇಮಿನ ಹುಚ್ಚು ಹಿಡಿಯಿತು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದರೆ ಮಧ್ಯಾಹ್ನದ ಟ್ರಿಪ್‌ವರೆಗೆ ಅವನಿಗೆ ಬಿಡುವು. ಅವನ ಮಗಳು ಅಂಗಡಿ ಕೆಲಸಕ್ಕೆ ಹೋದ ಮೇಲೆ ಅವಳ ಗೇಮು ಟೀವಿ ಮುಂದೆ ಸುಮ್ಮನೆ ಬಿದ್ದಿರುತ್ತಿತ್ತು. ಒಂದು ದಿನ ಕೈಗೆತ್ತಿಕೊಂಡ, ಅಷ್ಟೆ.

ಆ ಆಟದಲ್ಲಿ ಇಡೀ ಒಂದು ದೇಶವನ್ನೇ ಕಟ್ಟಿಟ್ಟಿದ್ದಾರೆ. ಬೆಟ್ಟ, ಸಮುದ್ರ, ಪೇಟೆ, ಎಲ್ಲಿಗೆ ಬೇಕಾದರೂ ಹೋಗಬಹುದು. ಬೇಲಿ ಮುರಿದು ಹೊಲಕ್ಕೆ ನುಗ್ಗಿದರೂ ಕೇಳುವವರಿಲ್ಲ. ಆಡುವವರೆಲ್ಲ ನುಗ್ಗುತ್ತಾರೆ. ನನ್ನ ತಮ್ಮ ಮಾತ್ರ ಕೆಂಪು ದೀಪಕ್ಕೆ ನಿಲ್ಲುತ್ತಾನೆ. ಪಂದ್ಯ ಗೆಲ್ಲಬೇಕಾದ ಕಾರಿನಲ್ಲಿ ಕೂತು ಹಿಂದಿನವನಿಗೆ ದಾರಿ ಬಿಡುತ್ತಾನೆ. ಸೋತು ಬಂದು, ‘ಯಾರಿಗೂ ತಾಗಿಸಲಿಲ್ಲ’ ಎಂದು ಹೆಮ್ಮೆಪಡುತ್ತಾನೆ.

ಈ ಆಟ ವರ್ಷಗಳಿಂದ ಒಂದರ ಹಿಂದೊಂದು ಭಾಗವಾಗಿ ಬರುತ್ತಲೇ ಇದೆ. ಐದನೆಯದು ಬಂದಾಗ ಮನೆಯಲ್ಲಿ ತಲೆಗೊಂದು ಅಭಿಪ್ರಾಯ ಹುಟ್ಟಿತು.

“ಊರು ಸಕತ್ತಾಗಿದೆ, ಮಳೆ ಬಂದ್ರೆ ರಸ್ತೆ ಹೊಳೆಯುತ್ತೆ. ಆದ್ರೆ ಕಾರುಗಳಿಗೆ ತೂಕಾನೇ ಇಲ್ಲ,” ಎಂದಳು ಮಗಳು.

“ಐದೂ ಒಂದೇ. ಐದರಲ್ಲೂ ನಿಮ್ಮಪ್ಪ ಮನೆಗೆ ತರಕಾರಿ ತರಲ್ಲ,” ಎಂದಳು ತಮ್ಮನ ಹೆಂಡತಿ.

“ನಾಲ್ಕನೇದು ಚಿನ್ನ,” ಎಂದ ತಮ್ಮ. “ಇದರಲ್ಲಿ ಎಡಗಡೆಯಿಂದ ಗಾಡಿಗಳು ಹುಟ್ಕೊಳ್ತವೆ. ಖಾಲಿ ರಸ್ತೆ ಅಂತ ಹೋಗ್ತೀನಿ, ಎಲ್ಲಿಂದಲೋ ಬಂದು ಬಡೀತವೆ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಹೆಂಡತಿ ಕುಟುಕಿದಳು.

“ಇಲ್ಲಮ್ಮ, ಅಪ್ಪ ಹೇಳೋದು ನಿಜ. ಗಾಡಿಗಳು ಇದ್ದಕ್ಕಿದ್ದ ಹಾಗೆ ಕಾಣಿಸ್ಕೊಳ್ತವೆ ಅಂತ ಆಡೋರೆಲ್ಲ ಬೈತಿದಾರೆ. ಸರಿ ಮಾಡ್ತೀವಿ ಅಂತ ಕಂಪನಿಯೋರು ಒಪ್ಕೊಂಡಿದಾರೆ.”

ತಮ್ಮನಿಗೆ ಆನೆಬಲ ಬಂತು. ಅಲ್ಲಿಂದಾಚೆ ಪ್ರತಿ ಡಿಕ್ಕಿಗೂ ಕಂಪನಿಯವರ ವಂಶವನ್ನೇ ಜಾಲಾಡುತ್ತಿದ್ದ.

ಒಂದು ಮಧ್ಯಾಹ್ನ ನಾನು ಅವನ ಪಕ್ಕದಲ್ಲಿ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದೆ. ಟೀವಿಯಲ್ಲಿ ಅವನ ಕಾರು ಒಂದು ಕೂಡುರಸ್ತೆಯ ಕಡೆ ಹೊರಟಿತ್ತು. ಎಡಗಡೆಯಿಂದ ಹಳದಿ ಲಾರಿಯೊಂದು ಬರುತ್ತಿತ್ತು. ನನಗೆ ಆಟ ಗೊತ್ತಿಲ್ಲ, ಲಾರಿ ಗೊತ್ತು. ಅದು ದೂರದಿಂದಲೇ, ಆರಾಮವಾಗಿ, ಮದುವೆಗೆ ಹೊರಟವರಂತೆ ಬರುತ್ತಿತ್ತು.

“ಲಾರಿ ನೋಡ್ಕೋ,” ಎಂದೆ.

“ಯಾವ ಲಾರಿ?” ಎಂದ. ಅಷ್ಟರಲ್ಲಿ ಬಡಿಯಿತು. “ನೋಡಿದ್ಯಾ ಅಕ್ಕ, ಹೆಂಗೆ ಹುಟ್ತು?”

ನಾನು ಹುರುಳಿಕಾಯಿಯ ಮೊರ ಕೆಳಗಿಟ್ಟೆ. ನಾಲ್ಕನೆಯದನ್ನು ಆಡುವಾಗ ಅವನ ಕಣ್ಣು ನೆಟ್ಟಗಿತ್ತು. ಎರಡು ಆಟಗಳಿಗೂ ಅಷ್ಟೇ ವ್ಯತ್ಯಾಸ. ನಾನು ಎದ್ದು ಅವನ ಎಡಗಿವಿಯ ಹತ್ತಿರ ಕೈ ಹಿಡಿದು, “ಕಂಡ ಕೂಡಲೇ ಹೇಳು,” ಎಂದು ನಿಧಾನವಾಗಿ ಮುಂದಕ್ಕೆ ತಂದೆ. ಕೈ ಮೂಗಿನ ಹತ್ತಿರ ಬರುವವರೆಗೂ ಅವನು ಕಾಯುತ್ತಲೇ ಇದ್ದ.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಸಿಡಿದ. “ಇಷ್ಟು ವರ್ಷ ನನ್ನ ಗಾಡಿಗೆ ಒಂದು ಗೀಚು ಬಿದ್ದಿಲ್ಲ. ಆಟದ್ದು ತಪ್ಪು ಅಂತ ಊರೆಲ್ಲ ಹೇಳ್ತಿರುವಾಗ ನಿಂದೊಂದು. ಅವರು ಸರಿ ಮಾಡ್ಲಿ. ಆಮೇಲೂ ಹಿಂಗೇ ಆದ್ರೆ ನೀನು ಹೇಳಿದಂಗೆ ಕೇಳ್ತೀನಿ.”

ಏನು ಮಾಡುವುದೆಂದು ನನಗೆ ತೋಚಲಿಲ್ಲ. ಶಾಲೆಯವರಿಗೆ ಹೇಳಿದರೆ ಒಡಹುಟ್ಟಿದವನ ಅನ್ನಕ್ಕೆ ನಾನೇ ಕಲ್ಲು ಹಾಕಿದಂತೆ. ಹೇಳದಿದ್ದರೆ ಆ ಕಲ್ಲು ಯಾರ ಮಗುವಿನ ತಲೆಗೋ. ನನ್ನ ಕೈಲಾದದ್ದು ಒಂದೇ. ಮೊಣಕಾಲು ನೋವು, ಗಾಳಿಗೆ ಬರುತ್ತೇನೆ ಎಂದು ಸುಳ್ಳು ಹೇಳಿ ದಿನಾ ವ್ಯಾನಿನಲ್ಲಿ ಅವನ ಎಡಪಕ್ಕದ ಸೀಟು ಹಿಡಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದೆ. “ಸೈಕಲ್ ಬಂತು,” “ಆ ಮುದುಕಿ ದಾಟಲಿ,” ಎಂದು ನಾನು ಒದರುತ್ತಿದ್ದರೆ ಹಿಂದಿನ ಮಕ್ಕಳು ನನ್ನನ್ನೇ ಅಣಕಿಸಿ ನಗುತ್ತಿದ್ದರು. ಅವರ ನಗು ಕೇಳಿದರೆ ನನಗೆ ಅಳು ಬರುತ್ತಿತ್ತು. ತಮ್ಮನೂ ನನ್ನನ್ನು ಬೈಯುವುದನ್ನು ನಿಲ್ಲಿಸಿದ್ದ. ತಿರುವು ಬಂದಾಗ ಸುಮ್ಮನೆ ನನ್ನ ಮಾತಿಗೆ ಕಾಯುತ್ತಿದ್ದ. ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಿದ್ದುದು.

ಮಗಳಿಗೆ ರಜೆ ಇದ್ದ ದಿನ ಆಟದ ರಿಪೇರಿ ಬಂತು. ಕಂಪನಿಯವರೇ ಎಲ್ಲರ ಮನೆಗೂ ತಿದ್ದುಪಡಿ ಕಳಿಸಿದ್ದರು. “ಬೈತಿದ್ದೋರೆಲ್ಲ ಈಗ ಹೊಗಳ್ತಿದಾರೆ ಅಪ್ಪ,” ಎಂದು ಅವಳೇ ಹಾಕಿಕೊಟ್ಟಳು. ತಮ್ಮ ಮುಖ ತೊಳೆದು, ಅಂಗಿ ಬದಲಿಸಿಕೊಂಡು ಬಂದು ಕೂತ, ಪರೀಕ್ಷೆಗೆ ಬಂದವನಂತೆ. ನಾನು ಅವನ ಎಡಕ್ಕೆ ಕೂತೆ, ಮಗಳು ಬಲಕ್ಕೆ.

ಸ್ವಲ್ಪ ದೂರ ಚೆನ್ನಾಗಿಯೇ ಹೋದ. ಆಮೇಲೆ ಎಡಗಡೆಯ ಸೇತುವೆಯಿಂದ ನೀಲಿ ಬಸ್ಸೊಂದು ಇಳಿಯತೊಡಗಿತು. ಅವನು ವೇಗ ತಗ್ಗಿಸಲಿಲ್ಲ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನು ಬ್ರೇಕ್ ಒತ್ತಿಬಿಡುತ್ತಿದ್ದ. ಬಸ್ಸು ಬಡಿಯಿತು.

ಅವನು ಯಾರನ್ನೂ ಬೈಯಲಿಲ್ಲ. ಮಗಳನ್ನು ಕೇಳಿದ: “ಬಸ್ಸು ನಿಂಗೆ ಕಾಣಿಸ್ತಾ?”

“ಕಾಣಿಸ್ತು ಅಪ್ಪ.”

“ಎಲ್ಲಿಂದ?”

“ಸೇತುವೆ ಮೇಲಿದ್ದಾಗಿಂದಾನೇ.”

“ಹಂಗಾದ್ರೆ ಅವರು ಸರಿ ಮಾಡಿದಾರೆ,” ಎಂದ.

ಮಗಳು ಎದ್ದು ಒಳಗೆ ಹೋದಳು. ಮಧ್ಯಾಹ್ನದ ಟ್ರಿಪ್‌ಗೆ ಹೊತ್ತಾಗುತ್ತಿತ್ತು. ತಮ್ಮ ಶಾಲೆಯ ಕಚೇರಿಗೆ ಫೋನು ಮಾಡಿ, “ಗಾಡಿ ಕೆಟ್ಟಿದೆ, ಮಕ್ಕಳಿಗೆ ಬೇರೆ ವ್ಯಾನ್ ನೋಡ್ಕೊಳ್ಳಿ,” ಎಂದ. ಅಲ್ಲಿಯ ಗುಮಾಸ್ತೆಯ ಗಂಟಲು ದೊಡ್ಡದು, ನನಗೂ ಕೇಳಿಸಿತು.

“ನಿಮ್ಮ ಗಾಡಿನಾ? ಅದು ಯಾವತ್ತೂ ಕೆಡಲ್ವಲ್ಲ. ನಾಳೆ ಹೊತ್ತಿಗೆ ಸರಿಯಾಗುತ್ತಾ?”

ಏನು ಹೇಳಬೇಕೆಂದು ತಮ್ಮ ನನ್ನನ್ನು ನೋಡಲು ಹೊರಟ. ನಾನು ಎಡಪಕ್ಕದಲ್ಲೇ ಇದ್ದೆ. ನನ್ನನ್ನು ಹುಡುಕಲು ಅವನು ಪೂರ್ತಿ ತಲೆ ತಿರುಗಿಸಬೇಕಾಯಿತು.